ಆನುವಂಶಿಕ ನರರೋಗವೂ ಹಿತಮಿತವಾದ ವ್ಯಾಯಾಮವೂ

‘ವ್ಯಾಯಾಮ’ವೆಂಬ ಶಬ್ದವು ‘ಯಮ್’ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿಡುವುದು ಎಂದು ಅರ್ಥ. ‘ಆಯಾಮ’ವೆಂದರೆ ಚಾಚುವಿಕೆ; ಅದಕ್ಕೆ ‘ವಿ’ ಎಂಬ ಉಪಸರ್ಗವು ಸೇರಿದಾಗ ಅಂಗಾಂಗಗಳನ್ನು ಬಗೆಬಗೆಯಾಗಿ ಚಾಚಿ ದುಡಿಸುವುದೆಂಬ ಅರ್ಥವು ಸಿದ್ಧಿಸುತ್ತದೆ. ಹೀಗೆ ಚಾಚುವುದೂ ಅಂಕೆಯಲ್ಲಿಡುವುದೂ ಒಂದೇ ಶಬ್ದದ ಒಡಲಲ್ಲಿವೆ. ನಮ್ಮ ಪ್ರಾಚೀನ ವೈದ್ಯರು ಈ ಎರಡು ಅರ್ಥಗಳನ್ನೂ ಮರೆತಿರಲಿಲ್ಲ. ಮನುಷ್ಯನು ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ವಿನಿಯೋಗಿಸಬೇಕು, ಅದನ್ನು ಮೀರಿದರೆ ಹಾನಿಯುಂಟು ಎಂಬುದು ಸುಶ್ರುತ ಸಂಹಿತೆಯ ಅಭಿಪ್ರಾಯ. ಎದೆಯೊಳಗಿನ ಉಸಿರು ಬಾಯಿಗೆ ಬಂದಿತೆಂದರೆ ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕೆಂದು ಅದರ ಗುರುತನ್ನೂ ಅಲ್ಲಿ ಹೇಳಿದೆ.

ಆರೋಗ್ಯವಂತನಿಗೆ ಇದೊಂದು ಹಿತವಚನ. ಕೇಳಿದರೆ ಲೇಸು, ಕೇಳದಿದ್ದರೆ ಎರಡು ದಿನ ಮೈಕೈ ನೋವು, ಅಷ್ಟೆ. ಆದರೆ ಹುಟ್ಟಿನಿಂದಲೇ ನರಗಳ ರೋಗವೊಂದನ್ನು ಹೊತ್ತು ಬಂದವರಿಗೆ ಈ ಮಾತು ದಿನನಿತ್ಯದ ಬಾಳಿನ ಸೂತ್ರವಾಗುತ್ತದೆ. ಅಂಥವರು ದೇಹವನ್ನು ದುಡಿಸದೆ ಕುಳಿತರೆ ಇರುವ ಬಲವೂ ಕುಂದುತ್ತದೆ. ಮಿತಿಮೀರಿ ದುಡಿಸಿದರೆ ಬೀಳು, ಗಾಯ, ಆಯಾಸಗಳು ಒದಗುತ್ತವೆ. ಈ ಎರಡು ಅತಿಗಳ ನಡುವಣ ದಾರಿ ಯಾವುದೆಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆನುವಂಶಿಕ ನರರೋಗಗಳು ಹಲವಿರುವುದರಿಂದ, ಅವುಗಳಲ್ಲಿ ಹೆಚ್ಚಾಗಿ ಕಾಣಬರುವ ಒಂದನ್ನು ಇಲ್ಲಿ ಮುಖ್ಯವಾಗಿ ವಿವರಿಸಲಾಗಿದೆ.

ರೋಗದ ಹೆಸರು ಮತ್ತು ಪೂರ್ವವೃತ್ತಾಂತ

ಈ ರೋಗಕ್ಕೆ ‘ಶಾರ್ಕೋ–ಮಾರೀ–ಟೂತ್ ರೋಗ’ವೆಂದು ಹೆಸರು. ವೈದ್ಯರು ಇದನ್ನು ಸಂಕ್ಷೇಪವಾಗಿ ಸಿ.ಎಂ.ಟಿ. ಎನ್ನುವರು. ‘ಟೂತ್’ ಎಂಬ ಪದವನ್ನು ಕೇಳಿದೊಡನೆ ಇದು ಹಲ್ಲಿಗೆ ಸಂಬಂಧಪಟ್ಟ ಬೇನೆಯೆಂದು ಭ್ರಮಿಸುವವರುಂಟು. ಹಲ್ಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮೂವರು ವೈದ್ಯರ ಹೆಸರುಗಳು ಕೂಡಿ ಇದಕ್ಕೆ ಈ ನಾಮಧೇಯ ಬಂದಿದೆ. 1886ರಲ್ಲಿ ಪ್ಯಾರಿಸ್ ನಗರದ ಜಾನ್ ಮಾರ್ಟಿನ್ ಶಾರ್ಕೋ ಮತ್ತು ಆತನ ಶಿಷ್ಯ ಪಿಯರ್ ಮಾರೀ ಇಬ್ಬರೂ ಕೂಡಿ ಈ ರೋಗದ ಲಕ್ಷಣಗಳನ್ನು ವಿವರಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೋವರ್ಡ್ ಹೆನ್ರಿ ಟೂತ್ ಎಂಬ ವೈದ್ಯನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇದೇ ರೋಗವನ್ನು ಸ್ವತಂತ್ರವಾಗಿ ವರ್ಣಿಸಿದನು. ಫ್ರಾನ್ಸಿನ ಗುರುಶಿಷ್ಯರು ರೋಗದ ಮೂಲವು ಬೆನ್ನುಹುರಿಯಲ್ಲಿರಬಹುದೆಂದು ಊಹಿಸಿದ್ದರು. ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹರಿಯುವ ನರಗಳಲ್ಲಿಯೇ ದೋಷವಿದೆಯೆಂಬ ಟೂತ್‌ನ ಅಭಿಪ್ರಾಯವೇ ಮುಂದೆ ಸರಿಯೆಂದು ಸ್ಥಿರಪಟ್ಟಿತು.

ಸುಮಾರು 2,500 ಜನರಲ್ಲಿ ಒಬ್ಬರಿಗೆ ಈ ರೋಗವಿರಬಹುದೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. ಇದು ವಿರಳವೆನಿಸಿದರೂ ಅಪರೂಪದ ಸಂಗತಿಯಲ್ಲ. ಊರಿಗೊಂದೆರಡು ಮನೆಗಳಲ್ಲಿ, ದೊಡ್ಡ ಶಾಲೆಗೊಬ್ಬ ವಿದ್ಯಾರ್ಥಿಯಲ್ಲಿ ಇದು ಹೆಸರಿಲ್ಲದೆ ಅಡಗಿರುವುದು ಅಸಂಭವವೇನೂ ಅಲ್ಲ.

ನರದ ರಚನೆ

ಮನೆಯ ವಿದ್ಯುತ್ ತಂತಿಯನ್ನು ನೋಡಿದವರಿಗೆ ನರದ ರಚನೆಯನ್ನು ತಿಳಿಯುವುದು ಕಷ್ಟವಲ್ಲ. ಒಳಗೆ ತಾಮ್ರದ ಎಳೆ, ಹೊರಗೆ ಅದನ್ನು ಸುತ್ತಿದ ಕವಚ. ನರದಲ್ಲಿಯೂ ಒಳಗೆ ‘ಆಕ್ಸಾನ್’ ಎಂಬ ತಂತು, ಅದರ ಸುತ್ತ ‘ಮಯಲಿನ್’ ಎಂಬ ಕೊಬ್ಬಿನಂಶದ ಕವಚ ಇರುತ್ತವೆ. ಕವಚವು ಸರಿಯಾಗಿದ್ದರೆ ಸಂದೇಶವು ಶೀಘ್ರವಾಗಿ ಸಾಗುತ್ತದೆ. ಆರೋಗ್ಯವಂತರ ತೋಳಿನ ನರದಲ್ಲಿ ಅದರ ವೇಗವು ಸೆಕೆಂಡಿಗೆ ಸುಮಾರು 50ರಿಂದ 60 ಮೀಟರು. ಕವಚವೇ ಕೆಟ್ಟಿರುವ ಬಗೆಯಲ್ಲಿ ಈ ವೇಗವು 38 ಮೀಟರಿಗಿಂತ ಕಡಿಮೆಯಾಗುತ್ತದೆ, ಇದನ್ನು ಸಿ.ಎಂ.ಟಿ.ಯ ಒಂದನೆಯ ಬಗೆ ಎನ್ನುವರು. ಕವಚವು ಸರಿಯಾಗಿದ್ದು ಒಳಗಿನ ತಂತುವೇ ಕ್ಷೀಣಿಸಿದರೆ ಅದು ಎರಡನೆಯ ಬಗೆ. ಕವಚ ಕೆಟ್ಟ ನರದಲ್ಲಿಯೂ ಕಾಲಕ್ರಮೇಣ ಒಳಗಿನ ತಂತು ಕ್ಷೀಣಿಸುವುದುಂಟು; ಸ್ನಾಯುಗಳು ಬಲಗುಂದುವುದಕ್ಕೆ ಮುಖ್ಯವಾದ ಕಾರಣ ಅದೇ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ರೋಗದಲ್ಲಿ ಸ್ನಾಯುವು ಮೂಲತಃ ಕೆಟ್ಟಿರುವುದಿಲ್ಲ. ಅದಕ್ಕೆ ಆಜ್ಞೆಯನ್ನು ಒಯ್ಯುವ ನರವು ಕೆಟ್ಟಿರುತ್ತದೆ. ನೀರು ಬಾರದ ಕಾಲುವೆಯ ಕೊನೆಯ ಗದ್ದೆಯು ಒಣಗುವಂತೆ, ಆಜ್ಞೆ ತಲಪದ ಸ್ನಾಯುವು ಸೊರಗುತ್ತದೆ. ಕಾಲುವೆಯು ಉದ್ದವಾದಷ್ಟೂ ಕೊನೆಯ ಗದ್ದೆಗೆ ಕಷ್ಟ ಹೆಚ್ಚು. ಸೊಂಟದಿಂದ ಕಾಲ್ಬೆರಳಿನವರೆಗೆ ಹರಿಯುವ ನರಗಳು ದೇಹದಲ್ಲೆಲ್ಲ ಉದ್ದವಾದವುಗಳಾದುದರಿಂದ ರೋಗವು ಮೊದಲು ಪಾದದಲ್ಲಿ ತೋರಿ, ಬಳಿಕ ಮೊಣಕಾಲಿನ ಕೆಳಭಾಗಕ್ಕೂ ಕೈಬೆರಳುಗಳಿಗೂ ಬರುತ್ತದೆ. ತೊಡೆ, ಸೊಂಟ, ಭುಜಗಳು ಬಹುಕಾಲ ಗಟ್ಟಿಯಾಗಿಯೇ ಉಳಿಯುವುದು ಸಾಮಾನ್ಯ. ವ್ಯಾಯಾಮದ ಕ್ರಮವನ್ನು ನಿರ್ಣಯಿಸುವಾಗ ಈ ಸಂಗತಿಯು ಬಹಳ ಮುಖ್ಯ.

ಲಕ್ಷಣಗಳು

ರೋಗವು ಬಹುಮಟ್ಟಿಗೆ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ತಲೆದೋರುತ್ತದೆ. ಪಾದದ ಮುಂಭಾಗವನ್ನು ಮೇಲೆತ್ತುವ ಸ್ನಾಯುಗಳು ಬಲಗುಂದುವುದರಿಂದ ನಡೆಯುವಾಗ ಪಾದವು ಜೋತುಬಿದ್ದು ನೆಲಕ್ಕೆ ತಗಲುತ್ತದೆ. ಹುಡುಗನು ಸಮನೆಲದಲ್ಲಿಯೂ ಎಡವುತ್ತಾನೆ. ಕಾಲಿನ ಚಪ್ಪಲಿ ಅವನಿಗರಿವಿಲ್ಲದೆ ಕಳಚಿಬೀಳುತ್ತದೆ. ಎಡವದಿರಲೆಂದು ಮೊಣಕಾಲನ್ನು ಎತ್ತೆತ್ತಿ, ನೀರಿನಲ್ಲಿ ನಡೆಯುವವನಂತೆ ಹೆಜ್ಜೆಯಿಡುತ್ತಾನೆ. ಪಾದದ ಕಮಾನು ಎತ್ತರವಾಗುತ್ತದೆ. ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಹಿಮ್ಮಡಿಯನ್ನೂರಿ ನಡೆಯುವುದು ಅಸಾಧ್ಯವಾಗುತ್ತದೆ. ಪಾದಗಳು ತಣ್ಣಗಿರುತ್ತವೆ, ಸ್ಪರ್ಶಜ್ಞಾನವು ಮಂದವಾಗುತ್ತದೆ. ಮುಂದೆ ಕೈಗೂ ಬಂದಾಗ ಗುಂಡಿ ಹಾಕುವುದು, ಲೇಖನಿ ಹಿಡಿಯುವುದು, ಬೀಗದ ಕೈ ತಿರುಗಿಸುವುದು ಪ್ರಯಾಸಕರವಾಗುತ್ತವೆ.

ರೋಗವು ಮೆಲ್ಲಮೆಲ್ಲನೆ, ವರ್ಷಗಳ ಲೆಕ್ಕದಲ್ಲಿ ಮುಂದುವರಿಯುತ್ತದೆ. ಬುದ್ಧಿಶಕ್ತಿಗೆ ಸಾಮಾನ್ಯವಾಗಿ ಕುಂದಿಲ್ಲ. ಬಹುಪಾಲು ರೋಗಿಗಳ ಆಯುಷ್ಯಕ್ಕೂ ಕೊರತೆಯಿಲ್ಲ. ಒಂದೇ ಮನೆಯಲ್ಲಿ ತಂದೆಗೆ ಪಾದದ ವಕ್ರತೆಯಷ್ಟೇ ಇದ್ದು ಮಗಳಿಗೆ ಊರುಗೋಲು ಬೇಕಾಗುವುದೂ ಉಂಟು.

ವಂಶದಲ್ಲಿ ಇಳಿದುಬರುವ ಬಗೆ

ಈ ರೋಗಕ್ಕೆ ಕಾರಣವಾಗುವ ನೂರಕ್ಕೂ ಹೆಚ್ಚು ವಂಶವಾಹಿಗಳು ಇಂದು ಗೊತ್ತಾಗಿವೆ. ಅವುಗಳಲ್ಲಿ ಪ್ರಧಾನವಾದುದು ಪಿ.ಎಂ.ಪಿ.22 ಎಂಬ, 17ನೆಯ ವರ್ಣತಂತುವಿನಲ್ಲಿರುವ ವಂಶವಾಹಿ. ಅದು ಇರುವ ಭಾಗವು ಇಮ್ಮಡಿಯಾಗಿರುವುದೇ ರೋಗದ ಅತಿ ಸಾಮಾನ್ಯ ಬಗೆಗೆ ಕಾರಣವೆಂದು 1991ರಲ್ಲಿ ಕಂಡುಬಂದಿತು. ಇಲ್ಲಿ ತಾಯಿತಂದೆಯರಲ್ಲಿ ಒಬ್ಬರಿಗೆ ರೋಗವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಕೆಲವೊಮ್ಮೆ ಮನೆತನದಲ್ಲಿ ಯಾರಿಗೂ ಇಲ್ಲದೆ ಒಂದು ಮಗುವಿನಲ್ಲಿಯೇ ಈ ಬದಲಾವಣೆ ಹೊಸದಾಗಿ ಉಂಟಾಗುವುದೂ ಉಂಟು.

ಇನ್ನು ಕೆಲವು ಬಗೆಗಳಲ್ಲಿ ತಾಯಿತಂದೆಯರಿಬ್ಬರೂ ದೋಷದ ವಂಶವಾಹಿಯನ್ನು ಒಂದೊಂದಾಗಿ ಹೊತ್ತಿದ್ದು, ತಾವು ಆರೋಗ್ಯವಾಗಿದ್ದರೂ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನಷ್ಟು ರೋಗದ ಸಂಭವವಿರುತ್ತದೆ. ಒಂದೇ ಮೂಲಪುರುಷನಿಂದ ಬಂದ ಇಬ್ಬರು ವಿವಾಹವಾದಾಗ ಇಬ್ಬರಲ್ಲಿಯೂ ಅದೇ ದೋಷವಿರುವ ಸಾಧ್ಯತೆ ಹೆಚ್ಚುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಗನಿಗೆ ಮಗಳನ್ನು ಕೊಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ಇರುವುದರಿಂದ ಈ ಮಾತು ವಿಚಾರಾರ್ಹ. ಇದರ ಅರ್ಥ ಯಾರನ್ನಾದರೂ ದೂಷಿಸಬೇಕೆಂದಲ್ಲ. ‘ಸೊಸೆಯ ಕಡೆಯಿಂದ ಬಂದ ರೋಗ’ವೆಂದೋ ‘ಪೂರ್ವಜನ್ಮದ ಫಲ’ವೆಂದೋ ಮನೆಯಲ್ಲಿ ಆಡಿಕೊಳ್ಳುವ ಮಾತುಗಳು ತಾಯಿಯನ್ನು ನೋಯಿಸುತ್ತವೆಯೇ ಹೊರತು ಮಗುವಿನ ಕಾಲಿಗೆ ಬಲ ತರುವುದಿಲ್ಲ. ವಂಶವೃತ್ತಾಂತವನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದೇ ಲೇಸು.

ವಿಶ್ರಾಂತಿಯೋ, ವ್ಯಾಯಾಮವೋ?

ರೋಗವನ್ನು ಬುಡಸಹಿತ ಗುಣಪಡಿಸುವ ಔಷಧಿ ಇಂದಿಗೂ ಬಳಕೆಗೆ ಬಂದಿಲ್ಲ. ಹೀಗಿರುವಲ್ಲಿ ವ್ಯಾಯಾಮ, ಪಾದಾಧಾರದ ಪಟ್ಟಿಗಳು, ಬೇಕಾದೆಡೆ ಶಸ್ತ್ರಚಿಕಿತ್ಸೆ ಇವೇ ರೋಗಿಗೆ ಒದಗುವ ಸಾಧನಗಳು. ಆದರೆ ವ್ಯಾಯಾಮದ ವಿಷಯದಲ್ಲಿ ವೈದ್ಯರೇ ಬಹುಕಾಲ ಹಿಂಜರಿದಿದ್ದರು. ನರಸಂಪರ್ಕವು ಭಾಗಶಃ ಕಡಿದುಹೋದ ಸ್ನಾಯುವನ್ನು ಹೆಚ್ಚಾಗಿ ದುಡಿಸಿದರೆ ಅದು ಮತ್ತಷ್ಟು ಬಲಗುಂದೀತೆಂಬ ವಾದವು 1958ರ ಸುಮಾರಿಗೆ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. 2003ರಲ್ಲಿ ಇಟಲಿಯ ವೈದ್ಯರು, ಸಿ.ಎಂ.ಟಿ. ರೋಗಿಗಳಲ್ಲಿ ಹೆಚ್ಚು ಕೆಲಸ ಮಾಡುವ ಕೈಯೇ ಇನ್ನೊಂದಕ್ಕಿಂತ ದುರ್ಬಲವಾಗಿರುವುದನ್ನು ಕಂಡೆವೆಂದು ವರದಿ ಮಾಡಿದರು. ಆದರೆ ಬಳಿಕ ನಡೆದ ಬೇರೆ ಪರೀಕ್ಷಣೆಗಳಲ್ಲಿ ಅಂಥ ವ್ಯತ್ಯಾಸವು ಕಂಡುಬರಲಿಲ್ಲ.

ಇನ್ನೊಂದೆಡೆ ಪ್ರತ್ಯಕ್ಷ ಪ್ರಯೋಗಗಳು ನಡೆದವು. 1995ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಸಿ.ಎಂ.ಟಿ. ರೋಗಿಗಳಿಂದ ವಾರಕ್ಕೆ ಮೂರು ಬಾರಿಯಂತೆ 24 ವಾರಗಳ ಕಾಲ ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಭಾರದ ವ್ಯಾಯಾಮವನ್ನು ಮಾಡಿಸಲಾಯಿತು. ಅವರ ಬಲವು ಸ್ವಲ್ಪಮಟ್ಟಿಗೆ ಹೆಚ್ಚಿತು, ಹಾನಿಯು ಕಾಣಲಿಲ್ಲ. 2017ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ತಜ್ಞರು ಪ್ರಕಟಿಸಿದ ಪ್ರಯೋಗವು ಶಾಲೆಗಳಿಗೆ ಇನ್ನೂ ಹತ್ತಿರವಾದುದು. 6ರಿಂದ 17 ವಯಸ್ಸಿನ 60 ಮಕ್ಕಳನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡದಿಂದ ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆರು ತಿಂಗಳ ಕಾಲ ಕ್ರಮಕ್ರಮವಾಗಿ ಭಾರ ಹೆಚ್ಚಿಸುವ ವ್ಯಾಯಾಮವನ್ನೂ, ಇನ್ನೊಂದರಿಂದ ಹೆಸರಿಗಷ್ಟೇ ಅತ್ಯಲ್ಪ ಭಾರದ ವ್ಯಾಯಾಮವನ್ನೂ ಮಾಡಿಸಿದರು. ಎರಡು ವರ್ಷಗಳ ಬಳಿಕ ಪರೀಕ್ಷಿಸಿದಾಗ ನಿಜವಾದ ವ್ಯಾಯಾಮ ಮಾಡಿದ ಮಕ್ಕಳಲ್ಲಿ ಆ ಸ್ನಾಯುಗಳ ಬಲವು ಕುಂದುವ ಗತಿ ಮಂದವಾಗಿತ್ತು. ಸ್ನಾಯುವಿಗೆ ಕೆಡುಕಾದುದು ತೋರಲಿಲ್ಲ.

ಈ ಪ್ರಯೋಗದ ತಾತ್ಪರ್ಯವನ್ನು ಸರಿಯಾಗಿ ಗ್ರಹಿಸಬೇಕು. ವ್ಯಾಯಾಮವು ರೋಗವನ್ನು ಹಿಂದಕ್ಕೆ ತಳ್ಳಲಿಲ್ಲ. ಅದರ ಓಟವನ್ನು ತಗ್ಗಿಸಿತು. ವ್ಯಾಯಾಮದಿಂದ ನರವು ಗುಣವಾಗದು. ಆದರೆ ಕುಳಿತಲ್ಲೇ ಕುಳಿತುದರಿಂದ ಬರುವ ಎರಡನೆಯ ದೌರ್ಬಲ್ಯವನ್ನು, ಅಂದರೆ ರೋಗದಿಂದಲ್ಲದೆ ಆಲಸ್ಯದಿಂದ ಬಂದ ಕ್ಷೀಣತೆಯನ್ನು, ಅದು ನಿವಾರಿಸಬಲ್ಲುದು. ಹೃದಯ ಮತ್ತು ಶ್ವಾಸಕೋಶಗಳಿಗೂ ಅದು ಹಿತಕರ. ಮೈಭಾರ ಹೆಚ್ಚದಂತೆ ನೋಡಿಕೊಳ್ಳುವುದೂ ಅದರಿಂದ ಸಾಧ್ಯ. ದುರ್ಬಲವಾದ ಪಾದವು ಹೊರಬೇಕಾದ ಹೊರೆ ಅಷ್ಟಕ್ಕಷ್ಟು ಇಳಿಯುತ್ತದೆ.

ಆರಂಭಕ್ಕೆ ಮುನ್ನ

ಮೊಟ್ಟಮೊದಲು ರೋಗವು ಯಾವುದೆಂದು ನಿಶ್ಚಯವಾಗಬೇಕು. ಎಡವಿ ಬೀಳುವ ಮಕ್ಕಳೆಲ್ಲರಿಗೂ ಸಿ.ಎಂ.ಟಿ. ಇರುವುದಿಲ್ಲ. ಡುಷೆನ್ ಎಂಬ ಹೆಸರಿನ ಸ್ನಾಯುಕ್ಷಯ ರೋಗದಲ್ಲಿಯೂ ಗಂಡುಮಕ್ಕಳು ಬೀಳುತ್ತಾರೆ. ಆದರೆ ಅಲ್ಲಿ ಸ್ನಾಯುವೇ ಮೂಲತಃ ಕೆಟ್ಟಿರುವುದರಿಂದ ಭಾರದ ವ್ಯಾಯಾಮವು ಅಪಾಯಕರ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗಬಹುದು. ಆದಕಾರಣ ನರರೋಗತಜ್ಞರ ಪರೀಕ್ಷೆ, ನರಗಳ ವೇಗದ ಪರೀಕ್ಷೆ, ಅಗತ್ಯವಿದ್ದರೆ ವಂಶವಾಹಿಯ ಪರೀಕ್ಷೆ ನಡೆಯಬೇಕು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಇಂಥ ರೋಗಗಳ ಚಿಕಿತ್ಸೆಗೂ ಅಧ್ಯಯನಕ್ಕೂ ಹೆಸರಾದುದು. ಕೆಲವರಲ್ಲಿ ಬೆನ್ನೆಲುಬು ವಕ್ರವಾಗಿರುವುದು, ವಿರಳವಾಗಿ ಉಸಿರಾಟದ ಸ್ನಾಯುಗಳೂ ಬಲಗುಂದಿರುವುದು ಉಂಟು. ಅದನ್ನೂ ವೈದ್ಯರು ನೋಡಿದ ಮೇಲೆ, ಅಂಗಸಾಧನೆಯ ಚಿಕಿತ್ಸಕರು ಅಂದರೆ ಫಿಜಿಯೋಥೆರಪಿ ತಜ್ಞರು ಹಾಕಿಕೊಟ್ಟ ಕ್ರಮದಂತೆ ನಡೆಯಬೇಕು. ಮುಂದೆ ಹೇಳುವ ವಿಷಯಗಳು ಆ ಕ್ರಮವನ್ನು ಅರ್ಥಮಾಡಿಕೊಳ್ಳುವುದಕ್ಕೆ ನೆರವಾಗತಕ್ಕವು, ಅದಕ್ಕೆ ಬದಲಾಗತಕ್ಕವಲ್ಲ.

ವ್ಯಾಯಾಮದ ನಾಲ್ಕು ಅಂಗಗಳು

ಮೊದಲನೆಯದು ಚಾಚುವಿಕೆ. ಪಾದವನ್ನು ಮೇಲೆತ್ತುವ ಸ್ನಾಯು ದುರ್ಬಲವಾದಾಗ ಅದಕ್ಕೆ ಎದುರಾಗಿರುವ ಮೀನಖಂಡದ ಸ್ನಾಯುವು ಬಿಗಿದುಕೊಂಡು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗುತ್ತದೆ. ಅದನ್ನು ತಡೆಯಲು ಗೋಡೆಗೆ ಎರಡು ಅಂಗೈಗಳನ್ನೂ ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಬೇಕು. ನಿಲ್ಲಲಾರದವರು ಕಾಲು ನೀಡಿ ಕುಳಿತು, ಪಾದಕ್ಕೆ ಅಂಗವಸ್ತ್ರವನ್ನು ಸುತ್ತಿ ಮೆಲ್ಲನೆ ತಮ್ಮತ್ತ ಎಳೆದುಕೊಳ್ಳಬಹುದು. ಇಪ್ಪತ್ತು ಮೂವತ್ತು ಸೆಕೆಂಡುಗಳ ಕಾಲ ಹಿಡಿದು ಬಿಡುವುದು, ಹೀಗೆ ನಾಲ್ಕಾರು ಬಾರಿ, ಪ್ರತಿದಿನವೂ ನಡೆಯಬೇಕು. ಜಗ್ಗಿ ಜಗ್ಗಿ ಬಿಡಬಾರದು. ಕೈಬೆರಳುಗಳನ್ನೂ ಹೀಗೆಯೇ ನೀಳವಾಗಿ ಬಿಡಿಸುತ್ತಿರಬೇಕು.

ಎರಡನೆಯದು ಬಲವರ್ಧನೆ. ಇಲ್ಲಿ ಗಟ್ಟಿಯಾಗಿ ಉಳಿದಿರುವ ಸೊಂಟ, ತೊಡೆ, ಬೆನ್ನು, ಭುಜಗಳಿಗೆ ಆದ್ಯತೆ. ಪಾದ ಸೋತಲ್ಲಿ ನಡಿಗೆಯನ್ನು ಕಾಯುವವು ಅವೇ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಮಲಗಿ ಕಾಲನ್ನು ನೆಟ್ಟಗೆ ಎತ್ತುವುದು, ಹಗುರವಾದ ಮರಳಿನ ಚೀಲವನ್ನು ಕಾಲಿಗೆ ಕಟ್ಟಿ ಮೊಣಕಾಲು ಚಾಚುವುದು ಮೊದಲಾದವು ಸುಲಭ ಸಾಧನಗಳು. ಒಂದೊಂದನ್ನೂ ಎಂಟರಿಂದ ಹನ್ನೆರಡು ಬಾರಿ, ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನದ ವಿಶ್ರಾಂತಿಯೊಡನೆ ಮಾಡಬೇಕು. ಇನ್ನೂ ಎರಡು ಬಾರಿ ಮಾಡಬಲ್ಲೆನೆಂಬ ಶಕ್ತಿ ಉಳಿದಿರುವಾಗಲೇ ನಿಲ್ಲಿಸಬೇಕು. ತೀರ ಕ್ಷೀಣಿಸಿದ, ತನ್ನ ತೂಕವನ್ನೇ ಎತ್ತಲಾರದ ಸ್ನಾಯುವಿಗೆ ಭಾರವನ್ನು ಕಟ್ಟಕೂಡದು.

ಮೂರನೆಯದು ಉಸಿರು ಮತ್ತು ಹೃದಯಗಳಿಗೆ ಕೆಲಸ ಕೊಡುವ ವ್ಯಾಯಾಮ. ಒಂದೆಡೆ ನಿಲ್ಲಿಸಿದ ಸೈಕಲ್ಲನ್ನು ತುಳಿಯುವುದು, ಈಜು, ಸಮನೆಲದ ನಡಿಗೆ ಇವು ಉತ್ತಮ. ನೀರು ದೇಹದ ಭಾರವನ್ನು ತಾನೇ ಹೊರುವುದರಿಂದ ಈಜಿನಲ್ಲಿ ಬೀಳುವ ಭಯವಿಲ್ಲ. ಅಪಾಯವಿರುವುದು ನೀರಿಗಿಳಿಯುವ ಮೆಟ್ಟಿಲಲ್ಲಿ. ಪಾಚಿಗಟ್ಟಿದ ಕಲ್ಯಾಣಿಯಲ್ಲಾಗಲಿ ಕೆರೆಯಲ್ಲಾಗಲಿ ಒಬ್ಬಂಟಿಗನಾಗಿ ಇಳಿಯತಕ್ಕದ್ದಲ್ಲ. ಮೊದಲು ಹತ್ತು ನಿಮಿಷಗಳಿಂದ ಆರಂಭಿಸಿ, ವಾರವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸುತ್ತ ಅರ್ಧ ಗಂಟೆಯವರೆಗೆ ಒಯ್ಯಬಹುದು.

ನಾಲ್ಕನೆಯದು ಸಮತೋಲನದ ಅಭ್ಯಾಸ. ಪಾದವು ನೆಲವನ್ನು ಸರಿಯಾಗಿ ಅರಿಯದಿರುವುದರಿಂದ ಇವರು ಕಣ್ಣಿನ ನೆರವಿನಿಂದಲೇ ನೆಟ್ಟಗೆ ನಿಲ್ಲುತ್ತಾರೆ. ಆದುದರಿಂದ ಬೆಳಕಿರುವಲ್ಲಿ, ಗೋಡೆಯ ಮೂಲೆಯಲ್ಲಿ ಅಥವಾ ಗಟ್ಟಿಯಾದ ಮೇಜಿನ ಪಕ್ಕದಲ್ಲಿ, ಕಣ್ಣು ತೆರೆದುಕೊಂಡೇ ಅಭ್ಯಾಸ ಮಾಡಬೇಕು. ಮೊದಲು ಎರಡೂ ಪಾದಗಳನ್ನು ಕೂಡಿಸಿ ನಿಲ್ಲುವುದು, ಬಳಿಕ ಒಂದರ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು.

ಮಿತಿಯನ್ನು ತಿಳಿಯುವ ಬಗೆ

ವ್ಯಾಯಾಮ ಮಾಡುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡುತುಂಡಾದರೆ ವೇಗವನ್ನು ತಗ್ಗಿಸಬೇಕು. ಬಾಯಿಗೆ ಬಂದ ಉಸಿರೇ ಅರ್ಧಬಲದ ಗುರುತೆಂಬ ಹಳೆಯ ಮಾತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಎರಡನೆಯ ಗುರುತು ಮರುದಿನ ಸಿಗುತ್ತದೆ. ಹಿತವಾದ ದಣಿವು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ಮರುದಿನವೂ ಸ್ನಾಯುವಿನಲ್ಲಿ ನೋವು, ಸೆಳೆತ, ಭಾರ ಉಳಿದರೆ, ಅಥವಾ ನಿನ್ನೆ ಎತ್ತಿದ ಪಾದ ಇಂದು ಏಳದಿದ್ದರೆ, ಹಿಂದಿನ ದಿನದ ವ್ಯಾಯಾಮವು ಅತಿಯಾಯಿತೆಂದು ಅರಿಯಬೇಕು. ಆಗ ಪೂರ್ಣವಾಗಿ ಚೇತರಿಸಿಕೊಂಡ ಮೇಲೆ ಕಡಿಮೆ ಪ್ರಮಾಣದಿಂದ ಮತ್ತೆ ತೊಡಗಬೇಕು. ನೋವು ಎರಡು ದಿನ ಮೀರಿದರೆ ಚಿಕಿತ್ಸಕರನ್ನು ಕಾಣಬೇಕು. ಒಂದು ಸಣ್ಣ ಪುಸ್ತಕದಲ್ಲಿ ದಿನದಿನದ ಲೆಕ್ಕವನ್ನು ಬರೆದಿಡುವುದು ಬಹಳ ಉಪಯುಕ್ತ.

ಈ ರೋಗದಲ್ಲಿ ಆಯಾಸವು ಬೇಗ ಬರುತ್ತದೆ. ಎಲ್ಲರೂ ಎರಡು ಸ್ನಾಯುಗಳಿಂದ ಮಾಡುವ ಕೆಲಸವನ್ನು ಇವರು ಒಂದರಿಂದ ಮಾಡಬೇಕಾಗಿರುವುದರಿಂದ ಇದು ಸಹಜ. ಆದುದರಿಂದ ದಿನದ ಬಲವೆಲ್ಲವನ್ನೂ ವ್ಯಾಯಾಮಕ್ಕೇ ಸುರಿದು, ಮನೆಗೆ ನಡೆದುಹೋಗಲು ಬಲವಿಲ್ಲದಂತಾಗಬಾರದು. ದಣಿದ ಕಾಲೇ ಎಡವುತ್ತದೆ ಎಂಬುದನ್ನು ನೆನಪಿಡಬೇಕು.

ವರ್ಜಿಸತಕ್ಕವು

ಎತ್ತರದಿಂದ ಹಾರುವುದು, ಏರುಪೇರಿನ ನೆಲದಲ್ಲಿ ಓಡುವುದು, ಥಟ್ಟನೆ ತಿರುಗಬೇಕಾದ ಆಟಗಳು ಪಾದದ ಕೀಲನ್ನು ಉಳುಕಿಸುತ್ತವೆ. ಖೊ ಖೊ ಮತ್ತು ಕಬಡ್ಡಿಗಳಲ್ಲಿ ಈ ಅಪಾಯಗಳು ಹೆಚ್ಚು. ಯೋಗಾಸನಗಳಲ್ಲಿ ಹಿತವಾದವು ಹಲವಿವೆ. ಆದರೆ ವೃಕ್ಷಾಸನವನ್ನು ಆಧಾರವಿಲ್ಲದೆ ಬಯಲಿನ ನಡುವೆ ಮಾಡಬಾರದು. ಶೀರ್ಷಾಸನದಂಥವುಗಳಿಂದ ದೂರವಿರುವುದು ಕ್ಷೇಮ. ಪಿ.ಎಂ.ಪಿ.22 ವಂಶವಾಹಿಯ ಒಂದು ಪ್ರತಿಯೇ ಇಲ್ಲವಾಗುವ ಇನ್ನೊಂದು ಸೋದರ ರೋಗವುಂಟು. ಅದರಲ್ಲಿ ನರಗಳು ಸ್ವಲ್ಪ ಒತ್ತಡಕ್ಕೂ ಜೋಮು ಹಿಡಿದು, ಕೆಲವೊಮ್ಮೆ ವಾರಗಟ್ಟಲೆ ನಿಶ್ಶಕ್ತವಾಗುತ್ತವೆ. ಮೊಣಕಾಲಿನ ಹೊರಮಗ್ಗುಲಲ್ಲಿ ಚರ್ಮದ ಕೆಳಗೇ ಹರಿಯುವ ನರಕ್ಕೆ, ಕುಕ್ಕರಗಾಲಲ್ಲಿ ಅಥವಾ ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತರೆ ಒತ್ತಡ ತಗಲುತ್ತದೆ. ಆ ರೋಗವುಳ್ಳವರು ವಜ್ರಾಸನ, ಪದ್ಮಾಸನಗಳಲ್ಲಿ ದೀರ್ಘಕಾಲ ಕೂರತಕ್ಕದ್ದಲ್ಲ. ಪ್ರಾರ್ಥನೆಗೂ ಊಟಕ್ಕೂ ನೆಲದ ಮೇಲೆ ಚಕ್ಕಳಬಕ್ಕಳ ಕೂರುವುದು ವಾಡಿಕೆಯಾಗಿರುವ ಕಡೆಗಳಲ್ಲಿ ಅವರಿಗೆ ಒಂದು ಕುರ್ಚಿ ಕೊಡುವುದು ಅನಾದರವೆನಿಸಲಾರದು.

ಪಾದರಕ್ಷಣೆ

ಸ್ಪರ್ಶಜ್ಞಾನ ಮಂದವಾದ ಪಾದವು ತನ್ನ ಗಾಯವನ್ನು ತಾನೇ ಹೇಳದು. ಚೈತ್ರ ವೈಶಾಖಗಳ ಬಿಸಿಲಿಗೆ ಕಾದ ದೇಗುಲದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆಯೆದ್ದರೂ ಅರಿವಾಗದೆ ಹೋಗಬಹುದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು. ಮೊಣಕೈಯಿಂದಲೋ ಮನೆಯವರ ಕೈಯಿಂದಲೋ ನೋಡಬೇಕು. ದಿನವೂ ರಾತ್ರಿ ಪಾದಗಳ ತಳವನ್ನು, ಬೆರಳುಗಳ ಸಂದುಗಳನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಿ, ಮುಳ್ಳು, ಗುಳ್ಳೆ, ಗಾಯಗಳಿದ್ದರೆ ಕೂಡಲೇ ಉಪಚರಿಸಬೇಕು.

ವ್ಯಾಯಾಮದ ವೇಳೆಯಲ್ಲಿ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ಬೆರಳುಗಳಿಗೆ ಅವಕಾಶವಿರುವ ಬೂಟುಗಳು ಅವಶ್ಯ. ಹವಾಯಿ ಚಪ್ಪಲಿ ಸಲ್ಲದು. ಪಾದವು ಜೋತುಬೀಳದಂತೆ ಹಿಡಿಯುವ, ಮೀನಖಂಡದ ಹಿಂದಿನಿಂದ ಪಾದದ ತಳದವರೆಗೆ ಬರುವ ಹಗುರವಾದ ಆಧಾರಪಟ್ಟಿಯನ್ನು ವೈದ್ಯರು ಕೊಟ್ಟಿದ್ದರೆ ಅದನ್ನು ಧರಿಸಿಯೇ ನಡೆಯಬೇಕು. ಅದನ್ನು ಧರಿಸಿದರೆ ಕಾಲು ಸೋಮಾರಿಯಾಗುವುದೆಂಬ ಭಯದಿಂದ ಬಿಚ್ಚಿಡುವವರು ಒಂದು ಬೀಳಿನಿಂದ ವರ್ಷದ ಅಭ್ಯಾಸವನ್ನು ಕಳೆದುಕೊಳ್ಳಬಹುದು.

ಆಹಾರ ಮತ್ತು ಔಷಧಿಗಳ ವಿಚಾರ

ಮೊದಲೇ ಸೊರಗಿದ ನರಕ್ಕೆ ಇನ್ನೊಂದು ಪೆಟ್ಟು ಬೀಳದಂತೆ ಎಚ್ಚರ ವಹಿಸಬೇಕು. ಜೀವಸತ್ವ ಬಿ12ರ ಕೊರತೆಯಿಂದ ನರಗಳು ಕೆಡುತ್ತವೆ. ಸಸ್ಯಾಹಾರದಲ್ಲಿ ಹಾಲು, ಮೊಸರುಗಳ ಹೊರತು ಅದು ಬಹುಮಟ್ಟಿಗೆ ದೊರೆಯದಾದುದರಿಂದ ಸಸ್ಯಾಹಾರಿಗಳಾದ ರೋಗಿಗಳು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಯುಕ್ತ. ಬಿ6 ಜೀವಸತ್ವದ ಮಾತ್ರೆಗಳನ್ನು ಅತಿಯಾಗಿ ಸೇವಿಸಿದರೆ ಅದೇ ನರಗಳಿಗೆ ವಿಷವಾಗುತ್ತದೆ. ಮಧುಮೇಹವನ್ನು ಹತೋಟಿಯಲ್ಲಿಡಬೇಕು, ಮದ್ಯವನ್ನು ವರ್ಜಿಸಬೇಕು. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧಿಯು ಸಿ.ಎಂ.ಟಿ. ಇರುವವರ ನರಗಳಿಗೆ ತೀವ್ರ ಹಾನಿ ಮಾಡಬಲ್ಲುದಾದುದರಿಂದ, ಯಾವ ಚಿಕಿತ್ಸೆಗೆ ಹೋದರೂ ತಮ್ಮ ರೋಗವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

‘ನರದೌರ್ಬಲ್ಯ’ಕ್ಕೆ ರಾಮಬಾಣವೆಂದು ಗೋಡೆಗಳ ಮೇಲೆ ಬರೆಸಿದ ಲೇಹ್ಯ, ಭಸ್ಮಗಳಿಗೆ ಮರುಳಾಗುವವರು ಒಂದು ಮಾತನ್ನು ಅರಿಯಬೇಕು. ಸೀಸವೇ ಮೊದಲಾದ ಲೋಹಗಳು ದೇಹಕ್ಕೆ ಸೇರಿದರೆ ನರಗಳನ್ನು ಕೆಡಿಸುತ್ತವೆ. ಯಾವುದರಿಂದ ಮಾಡಿದುದೆಂದು ತಿಳಿಯದ ಔಷಧಿಯನ್ನು ಸೇವಿಸುವುದು ಅವಿವೇಕ. ಎಣ್ಣೆ ತಿಕ್ಕುವುದರಿಂದ ಬಿಗಿದ ಕಾಲಿಗೆ ಹಿತವೆನಿಸಬಹುದು; ರೋಗ ಗುಣವಾಗುವುದೆಂಬ ಭರವಸೆ ಬೇಡ.

ಶಾಲೆಯ ಕರ್ತವ್ಯ

ವ್ಯಾಯಾಮದ ಪಿರಿಯಡ್ಡಿನಲ್ಲಿ ಇಂಥ ಮಗುವಿಗೆ ಎರಡು ಬಗೆಯ ಅನ್ಯಾಯಗಳು ನಡೆಯುವುದುಂಟು. ಒಂದು, ರೋಗವೆಂದು ತಿಳಿಯದೆ ‘ಮೈಗಳ್ಳ’ನೆಂದು ಗದರಿಸಿ ಮೈದಾನವನ್ನು ಹೆಚ್ಚಾಗಿ ಸುತ್ತಿಸುವುದು. ಇನ್ನೊಂದು, ರೋಗವೆಂದು ತಿಳಿದ ಮೇಲೆ ಕನಿಕರದಿಂದ ಜಗಲಿಯ ಮೇಲೆ ಕೂರಿಸಿ, ಗೆಳೆಯರ ಚೀಲಗಳನ್ನು ಕಾಯಲು ಬಿಡುವುದು. ಮೊದಲನೆಯದು ಕಾಲನ್ನು ನೋಯಿಸಿದರೆ ಎರಡನೆಯದು ಕಾಲನ್ನೂ ಮನಸ್ಸನ್ನೂ ಸೊರಗಿಸುತ್ತದೆ. ಚೀಲ ಕಾಯುತ್ತ ಕಳೆದ ವರ್ಷಗಳಲ್ಲಿ ಆ ಮಗು ಕಳೆದುಕೊಂಡ ಬಲವು ಮುಂದೆ ಬಯಸಿದರೂ ಸುಲಭವಾಗಿ ಮರಳದು.

ಓಟದಲ್ಲಿ ಪದೇಪದೇ ಬೀಳುವ, ಹಿಮ್ಮಡಿಯ ಮೇಲೆ ನಿಲ್ಲಲಾರದ, ಅಕ್ಷರವು ವರ್ಷದಿಂದ ವರ್ಷಕ್ಕೆ ಕೆಡುತ್ತಿರುವ ವಿದ್ಯಾರ್ಥಿಯನ್ನು ಗುರುತಿಸಿ ಪೋಷಕರಿಗೆ ಹೇಳತಕ್ಕವರಲ್ಲಿ ವ್ಯಾಯಾಮದ ಮಾಸ್ತರರೇ ಮೊದಲಿಗರು. ಮಗುವನ್ನು ದಿನವೂ ನೋಡುವ ತಾಯಿತಂದೆಯರಿಗೆ ಕಾಣದ ಬದಲಾವಣೆಯು ನೂರು ಮಕ್ಕಳ ಸಾಲಿನಲ್ಲಿ ಅವರಿಗೆ ಕಾಣುತ್ತದೆ. ರೋಗ ನಿಶ್ಚಯವಾದ ಮೇಲೆ ಡ್ರಿಲ್ಲಿನ ಕೈ, ಭುಜಗಳ ಚಲನೆಗಳನ್ನೆಲ್ಲ ಆ ವಿದ್ಯಾರ್ಥಿಯು ಉಳಿದವರ ಸಾಲಿನಲ್ಲಿಯೇ ನಿಂತು ಅಥವಾ ಕುಳಿತು ಮಾಡಬಹುದು. ಇತರರು ಓಡುವಾಗ ಅವನು ಅಥವಾ ಅವಳು ಚಿಕಿತ್ಸಕರು ಹೇಳಿದ ಅಭ್ಯಾಸವನ್ನು ಮಾಡಬಹುದು. ಪ್ರಾರ್ಥನಾಮಂದಿರದ ಹೊರಗೆ ಪಾದರಕ್ಷೆ ಬಿಡುವ ನಿಯಮವಿರುವಲ್ಲಿ, ಒಳಗೆ ಮಾತ್ರ ಬಳಸುವ ಶುಭ್ರವಾದ ಇನ್ನೊಂದು ಜೊತೆ ಬೂಟುಗಳಿಗೆ ಅನುಮತಿಯಿತ್ತರೆ ನಿಯಮದ ಪಾವಿತ್ರ್ಯವೂ ಮಗುವಿನ ಪಾದವೂ ಉಳಿಯುತ್ತವೆ. ತರಗತಿಯು ಮಹಡಿಯ ಮೇಲಿದ್ದರೆ ಕೆಳಗೆ ತರುವುದು, ಮೆಟ್ಟಿಲಿಗೆ ಕೈಹಿಡಿ ಹಾಕಿಸುವುದು, ಬರೆಯಲು ದಪ್ಪನೆಯ ಲೇಖನಿಯನ್ನೂ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ದೊರಕಿಸುವುದು ದೊಡ್ಡ ವೆಚ್ಚದ ಕೆಲಸಗಳಲ್ಲ. ವಿಕಲಚೇತನ ಮಕ್ಕಳಿಗೆ ಶಿಕ್ಷಣದಲ್ಲಿಯೂ ಆಟೋಟಗಳಲ್ಲಿಯೂ ಇತರರಿಗೆ ಸಮನಾದ ಅವಕಾಶವನ್ನು ಕಲ್ಪಿಸಬೇಕೆಂದು 2016ರ ಅಧಿನಿಯಮವು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಿಗೆ ವಿಧಿಸಿದೆ.

ಸಿ.ಎಂ.ಟಿ. ಇರುವ ಮಗುವು ಓಟದ ಪಂದ್ಯದಲ್ಲಿ ಗೆಲ್ಲಲಾರದು. ಆ ಪಂದ್ಯವೇ ಅದಕ್ಕೆ ಬೇಕಾಗಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಯಾರ ತೋಳನ್ನೂ ಹಿಡಿಯದೆ ತನ್ನ ಕೆಲಸದ ಸ್ಥಳಕ್ಕೆ ಮೆಟ್ಟಿಲೇರಿ ಹೋಗುವುದು ಅದರ ಗುರಿ. ಆ ಗುರಿಗೆ ಬೇಕಾದ ಬಲವು ದಿನಕ್ಕೆ ಅರ್ಧ ಗಂಟೆಯಂತೆ, ಅಳತೆಯರಿತು, ಬಾಲ್ಯದಲ್ಲಿಯೇ ಕೂಡಿಡತಕ್ಕ ಧನ. ಅದನ್ನು ಕೂಡಿಡಲು ಒಂದು ಗೋಡೆ, ಒಂದು ಕುರ್ಚಿ, ಒಂದು ಮರಳಿನ ಚೀಲ, ಪಕ್ಕದಲ್ಲಿ ನಿಂತು ಎಣಿಸುವ ಒಬ್ಬ ಮಾಸ್ತರರು ಇದ್ದರೆ ಸಾಕು.